ಗ್ರಾಹಕರ ಆಯೋಗದ ಆದೇಶದ ಮೇಲೆ ಅಪೀಲು: ಉಬ್ಬಿದ ಹಲಗೆ, ಉಳಿದಿರೋದು 21 ದಿನ

ಪ್ರಶ್ನೆ: ಉಳಿಬಾಚಿ

ಎಲ್ಲರಿಗೂ ನಮಸ್ಕಾರ. ನಾನು ಬಡಗಿ. ಅಪ್ಪನ ಕಾಲದಲ್ಲಿ ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದೆವು. ಈಗ ಹತ್ತು ವರ್ಷದಿಂದ ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್. ಊರು ಹೇಳಲ್ಲ, ಬೆಂಗಳೂರಿಗೆ ಬಸ್ಸಿನಲ್ಲಿ ಮೂರು ಗಂಟೆ ಅಂದುಕೊಳ್ಳಿ. ಶೆಡ್ಡಿನಲ್ಲಿ ನಾನು, ಇಬ್ಬರು ಹುಡುಗರು, ಒಂದು ಕಟಿಂಗ್ ಮೆಷಿನ್. ಅಷ್ಟೇ ವ್ಯಾಪಾರ.

ರಿಟೈರ್ ಆದ ಟೀಚರ್ ಒಬ್ಬರ ಮನೆಗೆ ಕಿಚನ್ನು, ಎರಡು ವಾರ್ಡ್‌ರೋಬು, ಮೇಲೆ ಲಾಫ್ಟು ಮಾಡಿಕೊಟ್ಟೆ. 3,40,000ಕ್ಕೆ ಮಾತಾಗಿತ್ತು. 3,10,000 ಕೊಟ್ಟರು, 30,000 ಬಾಕಿ ಉಳಿಯಿತು. ಅಗ್ರಿಮೆಂಟ್ ಅಂತ ಏನೂ ಇಲ್ಲ. ಒಂದು ಕೊಟೇಶನ್ ಹಾಳೆ, ಮಿಕ್ಕಿದ್ದೆಲ್ಲ ವಾಟ್ಸಾಪ್.

ಎಂಟು ತಿಂಗಳಾದ ಮೇಲೆ ಸಿಂಕ್ ಕೆಳಗಿನ ಹಲಗೆ ಉಬ್ಬಿದೆ ಅಂತ ಫೋನ್ ಬಂತು. ಹೋಗಿ ನೋಡಿದೆ. ಪೈಪಿನ ಸುತ್ತ ಹಲಗೆ ಹಪ್ಪಳದ ಹಾಗೆ ಎದ್ದಿತ್ತು. "ಇದು ನೀರು ನಿಂತು ಆಗಿರೋದು ಮೇಡಂ, ಮೊದಲು ಪ್ಲಂಬರ್ ಕರೆಸಿ, ಬಾಕಿ ಕೊಟ್ಟರೆ ಹಲಗೆ ಬದಲಿಸಿಕೊಡುತ್ತೇನೆ" ಎಂದೆ. "ನೀವು ಮೊದಲು ಹಲಗೆ ಬದಲಿಸಿ, ಆಮೇಲೆ ಬಾಕಿ" ಎಂದರು. ಇಬ್ಬರಿಗೂ ಹಟ. ಮಾತು ನಿಂತೇ ಹೋಯಿತು.

ಆಮೇಲೆ ಪೋಸ್ಟಿನಲ್ಲಿ ದಪ್ಪ ಕವರ್ ಬಂತು. ಇಂಗ್ಲಿಷ್. ಮೇಲಿನ ಹಾಳೆ ನೋಡಿದೆ, ಗ್ರಾಹಕರ ಆಯೋಗದ ನೋಟಿಸ್ ಅಂತ ಗೊತ್ತಾಯಿತು. ಹೆದರಿಸೋಕೆ ಕಳಿಸಿದ್ದಾರೆ ಅಂದುಕೊಂಡು ಹಿಂಜ್ ಬಿಲ್ಲುಗಳಿರುವ ಡ್ರಾಯರಿಗೆ ಹಾಕಿದೆ. ಮದುವೆ, ಗೃಹಪ್ರವೇಶದ ಸೀಸನ್, ಕೈ ತುಂಬ ಕೆಲಸ, ಮರೆತೆ. ಮರೆತೆ ಅನ್ನೋದೂ ಪೂರ್ತಿ ನಿಜ ಅಲ್ಲ. ಡ್ರಾಯರ್ ತೆಗೆದಾಗಲೆಲ್ಲ ಕಾಣುತ್ತಿತ್ತು, ಮುಟ್ಟೋಕೆ ಮನಸ್ಸಾಗುತ್ತಿರಲಿಲ್ಲ.

ಈಗ ಆದೇಶ ಬಂದಿದೆ. ನಾನು ಹೋಗದೇ ಇದ್ದದ್ದಕ್ಕೆ ಎಕ್ಸ್‌ಪಾರ್ಟಿ, ಅಂದರೆ ಅವರ ಕಡೆಯದ್ದು ಮಾತ್ರ ಕೇಳಿ ಕೊಟ್ಟ ಆದೇಶ. 1,20,000 ವಾಪಸ್ ಕೊಡಬೇಕು, ಕಂಪ್ಲೇಂಟ್ ಹಾಕಿದ ದಿನದಿಂದ ಶೇ. 9 ಬಡ್ಡಿ (14 ತಿಂಗಳಾಗಿದೆ), ಮಾನಸಿಕ ಹಿಂಸೆಗೆ 15,000, ಕೇಸಿನ ಖರ್ಚಿಗೆ 10,000. ಅವರು ಕೇಳಿದ್ದು ಪೂರ್ತಿ 3,10,000. ಆಯೋಗದವರು 1,20,000ಕ್ಕೆ ಹೇಗೆ ಬಂದರು ಅನ್ನೋ ಲೆಕ್ಕ ಆದೇಶದಲ್ಲಿ ಇಲ್ಲ. ಮಗಳು ಬಿ.ಕಾಂ. ಓದುತ್ತಿದ್ದಾಳೆ, ಅವಳ ಕೈಲಿ ಎರಡು ಸಲ ಓದಿಸಿದೆ. "ವಿರುದ್ಧ ಪಕ್ಷದವರು ಕಳಪೆ ಪ್ಲೈವುಡ್ ಬಳಸಿದ್ದಾರೆ, ಫೋಟೋಗಳಿಂದ ಗೊತ್ತಾಗುತ್ತದೆ" ಅನ್ನೋ ಅರ್ಥದ ಒಂದು ಸಾಲು ಇದೆ, ಅಷ್ಟೇ.

ಒಂದು ವಿಷಯ ಮುಚ್ಚಿಡಲ್ಲ. ಕೊಟೇಶನ್‌ನಲ್ಲಿ "710 ಪ್ಲೈ" ಅಂತ ಒಂದೇ ಸಾಲು ಬರೆದಿದ್ದೆ, ನೀರು ತಡೆಯುವ ಪ್ಲೈವುಡ್ ಅದು. ಕಿಚನ್ ಕೆಳಗಿನ ಬಾಕ್ಸಿಗೆಲ್ಲ 710 ಹಾಕಿದ್ದೇನೆ, ಬಿಲ್ಲಿದೆ. ವಾರ್ಡ್‌ರೋಬಿಗೂ ಲಾಫ್ಟಿಗೂ ಮಾತ್ರ ಎಂ.ಆರ್. ಗ್ರೇಡ್, 303 ಮಾರ್ಕಿಂದು, ತೇವ ತಡೆಯುತ್ತೆ, ನೀರು ತಡೆಯಲ್ಲ. ಅಲ್ಲಿ ನೀರು ಬರಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ, ರೇಟೂ ಅದಕ್ಕೆ ತಕ್ಕ ಹಾಗೆ ಹಿಡಿದಿದ್ದೆ. ಬಾಯಲ್ಲಿ ಹೇಳಿದ ನೆನಪು. ಹಾಳೆಯಲ್ಲಿ ಇಲ್ಲ.

ಆದೇಶದ ತಾರೀಖು 6, ನನ್ನ ಕೈಗೆ ಬಂದದ್ದು 16ಕ್ಕೆ. ಇವತ್ತು 30. ಅಪೀಲಿಗೆ 45 ದಿನ ಅನ್ನುತ್ತಾರೆ. ಇಲ್ಲಿನ ಆಯೋಗದಲ್ಲೇ ಕೈಮುಗಿದು ಕೇಳಿದರೆ ಮತ್ತೆ ಕೇಸ್ ತೆರೆಯುತ್ತಾರಾ? ಬೆಂಗಳೂರಿಗೇ ಹೋಗಬೇಕಾ? ಅರ್ಧ ದುಡ್ಡು ಮೊದಲೇ ಕಟ್ಟಬೇಕು ಅಂತ ಒಬ್ಬರು, 25,000 ಸಾಕು ಅಂತ ಇನ್ನೊಬ್ಬರು. ಯಾವುದು ನಿಜ? ನನ್ನ 30,000 ಕಥೆ ಏನು? ಪೈಪ್ ಲೀಕ್ ಆಗಿದ್ದು ಅಂತ ಅಲ್ಲಿಗೆ ಹೋಗಿ ಹೇಳಿದರೆ ಕೇಳುತ್ತಾರಲ್ವಾ?


ಉತ್ತರ 1: ಹಳೇ ಗುಮಾಸ್ತ

ನಾನು ವಕೀಲನಲ್ಲ. ವಕೀಲರ ಕಚೇರಿಯಲ್ಲಿ 22 ವರ್ಷ ಗುಮಾಸ್ತನಾಗಿದ್ದವನು. ಗ್ರಾಹಕರ ಕೇಸಿನ ಫೈಲು ಹೊತ್ತು ಹೊತ್ತು ಹೆಗಲು ಜಾರಿದೆ. ಕೊನೆಗೆ ಒಬ್ಬ ವಕೀಲರಿಗೆ ತೋರಿಸಿಯೇ ಹೆಜ್ಜೆ ಇಡಿ.

ಇಲ್ಲಿನ ಆಯೋಗಕ್ಕೆ ಹೋಗಿ ದಿನ ಕಳೆಯಬೇಡಿ. ಜಿಲ್ಲಾ ಮಟ್ಟದವರಿಗೆ ತಮ್ಮದೇ ಎಕ್ಸ್‌ಪಾರ್ಟಿ ಆದೇಶ ರದ್ದು ಮಾಡುವ ಅಧಿಕಾರ ಇಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿಬಿಟ್ಟಿದೆ. 2019ರ ಕಾಯ್ದೆಯಲ್ಲಿ 40ನೇ ಸೆಕ್ಷನ್ ಪ್ರಕಾರ ರಿವ್ಯೂ ಅಂತ ಒಂದಿದೆ. ಅದು ಕೂಡಿಸುವಾಗ ಕಳೆದದ್ದು, ಹೆಸರು ತಪ್ಪಾದದ್ದು, ಅಂಥ ಕಣ್ಣಿಗೆ ಹೊಡೆಯುವ ತಪ್ಪಿಗೆ ಮಾತ್ರ. ಅದಕ್ಕೂ 30 ದಿನವೇ.

ನಿಮ್ಮ ದಾರಿ 41ನೇ ಸೆಕ್ಷನ್, ರಾಜ್ಯ ಆಯೋಗಕ್ಕೆ ಅಪೀಲು. ಬೆಂಗಳೂರಿನ ಬಸವ ಭವನ, ಚಾಲುಕ್ಯ ಸರ್ಕಲ್ ಹತ್ತಿರ. 45 ದಿನವನ್ನು ಪ್ರತಿ ಕೈಗೆ ಸಿಕ್ಕ ದಿನದಿಂದ ಎಣಿಸಿ ಅಂತ ವಾದ ಮಾಡಬಹುದು. ಆ ವಾದ ಕಷ್ಟಕಾಲಕ್ಕೆ ಇಟ್ಟುಕೊಳ್ಳಿ. ಆದೇಶದ ತಾರೀಖಿನಿಂದಲೇ ಎಣಿಸಿ. ಅಂದರೆ 24 ಹೋಯಿತು, 21 ಉಳಿಯಿತು. ಆದೇಶದ ಜೊತೆ ಬಂದ ಕವರಿನ ಮೇಲೆ ಪೋಸ್ಟಿನ ಸೀಲ್ ಇರುತ್ತದೆ, ಅದನ್ನು ಎಸೆಯಬೇಡಿ.

ದುಡ್ಡಿನ ವಿಷಯದಲ್ಲಿ ನಿಮಗೆ ಹೇಳಿದವರು ಇಬ್ಬರೂ ಸುಳ್ಳು ಹೇಳಿಲ್ಲ. 1986ರ ಹಳೇ ಕಾಯ್ದೆಯಲ್ಲಿ ಅರ್ಧ ಅಥವಾ 25,000, ಯಾವುದು ಕಡಿಮೆಯೋ ಅದು. ಹೊಸ ಕಾಯ್ದೆ ಜಾರಿಗೆ ಬಂದದ್ದು 2020ರ ಜುಲೈ 20ಕ್ಕೆ. ಆಮೇಲೆ ಹಾಕಿದ ಕಂಪ್ಲೇಂಟುಗಳಿಗೆ ನೇರವಾಗಿ ಅರ್ಧ. ನಿಮ್ಮದು ಹೊಸದು. ಬಡ್ಡಿ, ಖರ್ಚು ಎಲ್ಲ ಸೇರಿಸಿಯೇ ಲೆಕ್ಕ ಹಾಕಿ, ಇಲ್ಲದಿದ್ದರೆ ಕಚೇರಿಯಲ್ಲಿ ಆಬ್ಜೆಕ್ಷನ್ ಹಾಕಿ ವಾಪಸ್ ಕೊಡುತ್ತಾರೆ. 1,20,000, ಅದರ 14 ತಿಂಗಳ ಬಡ್ಡಿ 12,600, ಮೇಲೆ 25,000. ಒಟ್ಟು 1,57,600. ಅರ್ಧ ಅಂದರೆ 78,800. ಕಷ್ಟದಲ್ಲಿದ್ದೇನೆ, ಕಡಿಮೆ ಮಾಡಿ ಅಂದರೆ ಆಗಲ್ಲ. ರಾಷ್ಟ್ರೀಯ ಆಯೋಗದ ಅಪೀಲಿನ ಬಗ್ಗೆ ಸುಪ್ರೀಂ ಕೋರ್ಟು 2021ರ ಡಿಸೆಂಬರಿನಲ್ಲಿ ಇದನ್ನು ಖಡಾಖಂಡಿತ ಹೇಳಿದೆ. ನಿಮ್ಮ ಸೆಕ್ಷನ್ನಿನ ಮಾತೂ ಅದೇ ಧಾಟಿಯದು.

ಇನ್ನೊಂದು. ಅರ್ಧ ಕಟ್ಟಿ ಅಪೀಲು ಹಾಕಿದ ತಕ್ಷಣ ಎದುರಿನವರ ಕೈ ಕಟ್ಟಿದ ಹಾಗಾಗಲ್ಲ. ಸ್ಟೇ ಬೇಕು ಅಂತ ಬೇರೆ ಅರ್ಜಿ ಕೊಡಬೇಕು. ಸ್ಟೇ ಸಿಗುವ ತನಕ ಅವರು ಅಮಲ್ಜಾರಿಗೆ ಹೋಗಬಹುದು. 72ನೇ ಸೆಕ್ಷನ್ ಓದಿಸಿ ನೋಡಿ. ಆದೇಶ ಪಾಲಿಸದೇ ಇದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದನ್ನೂ ಡ್ರಾಯರಿಗೆ ಹಾಕಬೇಡಿ ಮಾರಾಯರೇ.

ಈಗ ನಿಮ್ಮ ಕೊನೆಯ ಪ್ರಶ್ನೆ. ಅದೇ ಎಲ್ಲಕ್ಕಿಂತ ಕಷ್ಟದ್ದು. ನೋಟಿಸ್ ಬಂದ ಮೇಲೆ ತಕರಾರು ಹಾಕಲು 30 ದಿನ, ಕೇಳಿಕೊಂಡರೆ ಇನ್ನು 15. ಅದರ ಮೇಲೆ ಒಂದು ದಿನವೂ ಇಲ್ಲ ಅಂತ 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಹಾಗಾಗಿ "ಆಗ ಬರಲಿಲ್ಲ, ಈಗ ಹೇಳುತ್ತೇನೆ ಕೇಳಿ" ಅನ್ನೋದು ಅಪೀಲಿನಲ್ಲಿ ಬಹಳ ಸಪ್ಪೆ. ನಿಮ್ಮ ವಾಟ್ಸಾಪನ್ನು ಈಗ ಹೊಸದಾಗಿ ತೆಗೆದುಕೊಂಡು ಹೋದರೆ "ಮೊದಲೇ ಯಾಕೆ ತರಲಿಲ್ಲ" ಎಂದು ಕೇಳುತ್ತಾರೆ. ನಿಮ್ಮ ಹತ್ತಿರ ಉತ್ತರ ಇದೆಯಾ? ಹಿಂಜ್ ಬಿಲ್ಲಿನ ಜೊತೆ ಇತ್ತು ಅನ್ನೋಕಾಗುತ್ತಾ?

ಆದರೆ ನೀವು ಸುಮ್ಮನಿದ್ದರೂ ಅವರ ಕೇಸನ್ನು ಅವರು ಸಾಬೀತು ಮಾಡಲೇಬೇಕಿತ್ತು. 38ನೇ ಸೆಕ್ಷನ್ನಿನಲ್ಲಿ ಒಂದು ಕಡೆ, ಪರೀಕ್ಷೆ ಮಾಡದೆ ದೋಷ ಗೊತ್ತಾಗದ ವಸ್ತುವಾದರೆ ಸ್ಯಾಂಪಲ್ ತೆಗೆಸಿ ಲ್ಯಾಬಿಗೆ ಕಳಿಸಬೇಕು ಅಂತಿದೆ. ಪ್ಲೈವುಡ್ಡು 710 ಹೌದೋ ಅಲ್ಲವೋ ಫೋಟೋದಲ್ಲಿ ಗೊತ್ತಾಗುತ್ತಾ? 1,20,000ಕ್ಕೆ ಲೆಕ್ಕ ಎಲ್ಲಿದೆ? ಇವೆರಡೂ ಕಡತದಲ್ಲೇ ಇರುವ ಲೋಪ. ನಿಮ್ಮ ಕಥೆ ಬೇಕಿಲ್ಲ. ವಾರ್ಡ್‌ರೋಬ್ ಬಗ್ಗೆ ಮಾತ್ರ ಬಾಯಿ ಬಿಡಬೇಡಿ ಅನ್ನಲ್ಲ, ಆದರೆ ಅಲ್ಲಿ ನೀವು ಗೆಲ್ಲೋದು ಕಷ್ಟ. ನಿಮ್ಮ ಹಾಳೆಯೇ ನಿಮ್ಮ ವಿರುದ್ಧ ಇದೆ.

ಒಂದು ಕೆಲಸ ಇವತ್ತೇ ಮಾಡಿ. ಆ ಹಳೇ ಕವರ್ ಬಿಚ್ಚಿ. ನೋಟಿಸಿನ ಜೊತೆ ಕಂಪ್ಲೇಂಟಿನ ಪ್ರತಿ ಇತ್ತಾ ನೋಡಿ. ಬರೀ ನೋಟಿಸ್ ಬಂದಿದ್ದರೆ ತಕರಾರು ಹಾಕುವ ಆ 30 ಮತ್ತು 15 ದಿನದ ಎಣಿಕೆ ಶುರುವೇ ಆಗಿಲ್ಲ ಅನ್ನಬಹುದು. ಪೂರ್ತಿ ಸೆಟ್ ಇದ್ದರೆ ಆ ಬಾಗಿಲು ಮುಚ್ಚಿತು.

ನಿಮ್ಮ 30,000 ಈ ಆಯೋಗದಲ್ಲಿ ಬರಲ್ಲ. ಅದಕ್ಕೆ ಸಿವಿಲ್ ಕೋರ್ಟು.


ಉತ್ತರ 2: ಎರಡನೇ ಮಹಡಿ

ಬೇಜಾರು ಮಾಡಿಕೊಳ್ಳಬೇಡಿ, ನಾನು ಆ ಟೀಚರ್ ಜಾಗದಲ್ಲಿ ಇದ್ದವಳು. ನಮ್ಮ ಮನೆಯ ಇಂಟೀರಿಯರ್ ಕೆಲಸ ಅರ್ಧಕ್ಕೆ ಬಿಟ್ಟು ಹೋದವರ ಮೇಲೆ ಕೇಸ್ ಹಾಕಿ ಗೆದ್ದೆ. ವಕೀಲರಿಲ್ಲದೆ ನಾನೇ ಓಡಾಡಿದ್ದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಕಂಪ್ಲೇಂಟಿಗೆ ಫೀ ಇಲ್ಲ, ಅದೊಂದು ಪುಣ್ಯ. ಅವರು ಅಪೀಲು ಹಾಕಿದರು. ಪ್ರತಿ ತಾರೀಖಿಗೂ ಬೆಳಿಗ್ಗೆ ಹೊರಟು ಮಧ್ಯಾಹ್ನ "ಮುಂದಿನ ತಿಂಗಳು" ಅನ್ನಿಸಿಕೊಂಡು ಬರೋದು. ಗೆದ್ದವಳಿಗೇ ಸುಸ್ತಾಯಿತು.

"ಎಲ್ಲರೂ ಹಾಗೇ ಮಾಡುತ್ತಾರೆ" ಅಂದಿರಲ್ಲ, ಅದು ನನಗೆ ಚುಚ್ಚಿತು. ಆ ಅಮ್ಮ ಹಾಳೆಯಲ್ಲಿ 710 ಅಂತ ಓದಿ ಪಿಂಚಣಿ ದುಡ್ಡು ಕೊಟ್ಟಿದ್ದಾರೆ. ವಾರ್ಡ್‌ರೋಬಿಗೆ ನೀರು ಬರಲ್ಲ ಅನ್ನೋದು ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅವರು ಬರೆದದ್ದನ್ನು ನಂಬಿದರು.

ನಮ್ಮ ಅಪೀಲು ಕೊನೆಗೆ ರಾಜಿಯಲ್ಲಿ ಮುಗಿಯಿತು. ಇಬ್ಬರೂ ಸೇರಿ ಒಂದು ಮೆಮೊ ಕೊಟ್ಟೆವು. ಅವರು ಮೊದಲೇ ಒಂದು ಫೋನ್ ಮಾಡಿದ್ದರೆ ಇನ್ನೂ ಕಡಿಮೆಗೆ ಒಪ್ಪುತ್ತಿದ್ದೆ, ದೇವರಾಣೆ. ಆಯೋಗದ ಮೀಡಿಯೇಶನ್‌ನಲ್ಲಿ ರಾಜಿಯಾದರೆ ಆ ಆದೇಶದ ಮೇಲೆ ಮತ್ತೆ ಅಪೀಲು ಇಲ್ಲ, ತಿಳಿದಿರಲಿ. ಇಬ್ಬರಿಗೂ ಅದು ಒಳ್ಳೇದೇ.

ನೀವು ಒಂದು ಸಲ ಆ ಟೀಚರಿಗೆ ಫೋನ್ ಮಾಡಿ. ವಕೀಲರ ಭಾಷೆಯಲ್ಲಿ ಬೇಡ.


ಉತ್ತರ 3: ಮರದಪುಡಿ

ಅಣ್ಣ, ನಾನೂ ಇದೇ ಕಸುಬಿನವನು. ನನ್ನದೂ ಇಂಥದ್ದೇ ಒಂದು ಆಗಿತ್ತು. ಅಪೀಲಿಗೆ 70ನೇ ದಿನ ಹೋದೆ. ತಡ ಯಾಕೆ ಅಂದರು, ಕೆಲಸದ ಒತ್ತಡ ಅಂತ ಬರೆಸಿದ್ದೆ. ಅದು ಕಾರಣವೇ ಅಲ್ಲ ಅಂತ ವಜಾ. ಒಳಗೆ ಪ್ಲೈವುಡ್ಡಿನ ಸುದ್ದಿ ಯಾರೂ ಎತ್ತಲೂ ಇಲ್ಲ. ಹಾಗಾಗಿ 21 ದಿನ ಅನ್ನೋದನ್ನು 10 ಅಂದುಕೊಂಡು ಓಡಿ.

ಆದರೆ ಗುಮಾಸ್ತರು ಹೇಳಿದ ಲ್ಯಾಬ್ ಟೆಸ್ಟಿನ ಬಗ್ಗೆ ಒಂದು ಮಾತು. ಅದು ಎರಡೂ ಕಡೆ ಕೊಯ್ಯುವ ಗರಗಸ. 710 ಅಂದರೆ ಮೆರೈನ್ ಪ್ಲೈ. 72 ಗಂಟೆ ಕುದಿಯುವ ನೀರಿನಲ್ಲಿ ಹಾಕಿದರೂ ಪದರ ಬಿಡಬಾರದು. ಸಿಂಕಿನ ಲೀಕಿಗೆ ಹಪ್ಪಳದ ಹಾಗೆ ಎದ್ದಿದೆ ಅಂದರೆ ಎದುರಿನ ವಕೀಲರು ಕೇಳುವ ಮೊದಲನೇ ಪ್ರಶ್ನೆ ಅದೇ. ನಿಜವಾದ 710 ಆದರೆ ಯಾಕೆ ಉಬ್ಬಿತು? ಡೀಲರ್ ನಿಮಗೇ ಟೋಪಿ ಹಾಕಿರಬಹುದು. ಸೀಲ್ ಇರುವ ಶೀಟೆಲ್ಲ ಒಳಗೂ ಹಾಗೇ ಇರುತ್ತೆ ಅಂತ ಏನಿಲ್ಲ. ಆ ಲಾಟಿನ ತುಂಡು ಶೆಡ್ಡಿನಲ್ಲಿ ಉಳಿದಿದ್ದರೆ ಮೊದಲು ಮನೆಯಲ್ಲೇ ಕುದಿಸಿ ನೋಡಿ. ಅದು ಬಾಯಿ ಬಿಟ್ಟರೆ ಲ್ಯಾಬ್ ಮಾತೇ ಎತ್ತಬೇಡಿ, ಟೀಚರ್ ಮನೆಗೆ ಹೋಗಿ.

ನಾನೀಗ ಕೊಟೇಶನ್‌ನಲ್ಲಿ ಪ್ರತಿ ಬಾಕ್ಸಿಗೂ ಬೇರೆ ಸಾಲು ಬರೆಯುತ್ತೇನೆ. ಗ್ರೇಡು, ದಪ್ಪ, ಬ್ರ್ಯಾಂಡು. ಕೆಳಗೆ ಸಹಿ. ಗಿರಾಕಿಗಳು ನಗುತ್ತಾರೆ, ನಗಲಿ.


ಉಳಿಬಾಚಿ

ಎಲ್ಲರಿಗೂ ಥ್ಯಾಂಕ್ಸ್. ಎರಡನೇ ಮಹಡಿ ಮೇಡಂ, ನೀವು ಹೇಳಿದ್ದು ಓದಿ ಒಂದು ಗಂಟೆ ಉತ್ತರ ಬರೆಯೋಕಾಗಲಿಲ್ಲ. ವಾರ್ಡ್‌ರೋಬಿನದು ನನ್ನ ತಪ್ಪು. ಒಪ್ಪಿದೆ.

ಮರದಪುಡಿ ಅಣ್ಣ ಹೇಳಿದ ಹಾಗೆ ಮಾಡಿದೆ. ಆ ಲಾಟಿನ ಒಂದು ತುಂಡು ಗೋಡೆ ಮೂಲೆಯಲ್ಲಿತ್ತು, ಹುಡುಗರು ಅದರ ಮೇಲೆ ಫೆವಿಕಾಲ್ ಡಬ್ಬ ಇಡುತ್ತಿದ್ದರು. ಹೆಂಡತಿ ಹಳೇ ಇಡ್ಲಿ ಪಾತ್ರೆ ಕೊಟ್ಟಳು, ಬೈಯುತ್ತಲೇ ಕೊಟ್ಟಳು. ಬೆಳಿಗ್ಗೆ ಆರಕ್ಕೆ ಸೌದೆ ಒಲೆ ಮೇಲೆ ಇಟ್ಟು ಸಂಜೆ ಆರರವರೆಗೆ ಕುದಿಸಿದೆ. ಮನೆಯೆಲ್ಲ ಅಂಟಿನ ವಾಸನೆ. ಪಕ್ಕದಲ್ಲಿ ಎಂ.ಆರ್. ತುಂಡೂ ಇಟ್ಟಿದ್ದೆ. ಅದು ಮಧ್ಯಾಹ್ನದೊಳಗೆ ಪುಸ್ತಕದ ಹಾಗೆ ಬಿಚ್ಚಿಕೊಂಡಿತು. 710 ತುಂಡಿನ ಒಂದು ಅಂಚು ಸ್ವಲ್ಪ ಒರಟಾಯಿತು, ಪದರ ಬಿಡಲಿಲ್ಲ. 72 ಗಂಟೆ ಆಗಿಲ್ಲ, ಗೊತ್ತು.

ಹಾಗಾದರೆ ಉಬ್ಬಿದ್ದು ಯಾವುದು? ದೊಡ್ಡ ಹುಡುಗನನ್ನು ಕೂರಿಸಿ ಕೇಳಿದೆ. ಅವನು ನೆಲ ನೋಡಿಕೊಂಡು ಹೇಳಿದ. ಬಾಕ್ಸು 710ದೇ. ಆದರೆ ಸಿಂಕ್ ಕೆಳಗೆ ಪಾತ್ರೆ ಇಡೋಕೆ ಟೀಚರ್ ಆಮೇಲೆ ಒಂದು ಹಲಗೆ ಕೇಳಿದ್ದರಂತೆ. ನಾನು ಬೇರೆ ಸೈಟಿನಲ್ಲಿದ್ದೆ. ಇವನು ವಾರ್ಡ್‌ರೋಬಿನಲ್ಲಿ ಉಳಿದ ತುಂಡು ಕೊಯ್ದು, ಪೈಪಿಗೆ ತೂತು ಮಾಡಿ, ಬಾಕ್ಸಿನ ತಳದ ಮೇಲೆ ಹಾಸಿ ಬಂದಿದ್ದಾನೆ. ಅಂಚಿಗೆ ಬ್ಯಾಂಡ್ ಇಲ್ಲ, ಸೀಲಿಲ್ಲ. ನಾನು ಹೋದಾಗ ಮೇಲಿಂದ ನೋಡಿ ಅದೇ ತಳ ಅಂದುಕೊಂಡೆ, ಎತ್ತಿ ನೋಡಲಿಲ್ಲ. ಟೀಚರ್ ಫೋಟೋ ತೆಗೆದದ್ದೂ ಅದರದ್ದೇ.

ಈಗ ಕವರ್ ವಿಷಯ. ಬಿಚ್ಚಿದೆವು. ಗುಮಾಸ್ತರೇ, ಪೂರ್ತಿ ಸೆಟ್ ಇದೆ. ಆ ಬಾಗಿಲು ಮುಚ್ಚಿತು. ಆರು ಹಾಳೆ ಇಂಗ್ಲಿಷ್, ಹಿಂದೆ ನನ್ನ ಕೊಟೇಶನ್, ಫೋಟೋಗಳು. ಮಗಳು ಓದುತ್ತಿದ್ದಳು, ನಾನು ಸುಮ್ನೆ ಹಾಳೆ ತಿರುವುತ್ತಿದ್ದೆ. ಎಲ್ಲದರ ಹಿಂದೆ ಒಂದೇ ಒಂದು ಕನ್ನಡದ ಹಾಳೆ. ಪ್ಲಂಬರ್ ಅಂಗಡಿಯ ಬಿಲ್ಲು, ಕೈಬರಹ. "ಸಿಂಕ್ ವೇಸ್ಟ್ ಪೈಪ್ ಲೀಕ್ ರಿಪೇರಿ, ಕಪ್ಲಿಂಗ್ ಬದಲು, 850." ತಾರೀಖು ನಾನು ಹೋಗಿ ನೋಡಿ ಬಂದ ಮೂರನೇ ದಿನ. ನನ್ನಿಂದಾದ ಖರ್ಚು ಅಂತ ತೋರಿಸೋಕೆ ಅವರೇ ಹಾಕಿರೋದು.

ಒಂದು ವರ್ಷಕ್ಕಿಂತ ಜಾಸ್ತಿ ನನ್ನ ಡ್ರಾಯರಿನಲ್ಲಿತ್ತು. ಓದೋಕೆ ಮಗಳೂ ಬೇಕಿರಲಿಲ್ಲ.


ಹಳೇ ಗುಮಾಸ್ತ

ಆ ಬಿಲ್ಲಿನ ಮೂಲೆಯಲ್ಲಿ ನಂಬರ್ ಹಾಕಿದ್ದಾರಾ? ಕಂಪ್ಲೇಂಟಿನ ಕೊನೆಯ ದಾಖಲೆ ಪಟ್ಟಿಯಲ್ಲಿ ಇದೆಯಾ? ಇದ್ದರೆ ಅದು ಈಗಾಗಲೇ ಕಡತದೊಳಗೆ ಇರುವ ದಾಖಲೆ. ಹೊಸ ಸಾಕ್ಷಿ ಅನ್ನೋ ಪ್ರಶ್ನೆಯೇ ಬರಲ್ಲ. ಆದೇಶದಲ್ಲಿ ಅದರ ಸೊಲ್ಲೇ ಎತ್ತಿಲ್ಲ ಅನ್ನೋದು ಅಪೀಲಿನ ಮೊದಲನೇ ಕಾರಣ.

ಹುಡುಗ ಹಾಸಿದ ಹಲಗೆ ವಿಷಯ ವಕೀಲರಿಗೆ ಹೇಳಿ. ಮುಚ್ಚಿಟ್ಟು ಅಪೀಲಿಗೆ ಹೋಗಬೇಡಿ, ನಾಳೆ ಸ್ಯಾಂಪಲ್ ತೆಗೆದರೆ ಅದೇ ಮೊದಲು ಎದ್ದು ಬರುತ್ತದೆ.


ಉಳಿಬಾಚಿ

ನಂಬರ್ ಇದೆ, 7. ಪಟ್ಟಿಯಲ್ಲೂ ಇದೆ.

ಟೀಚರಿಗೆ ಫೋನ್ ಮಾಡಿದ್ದೆ. ಮೊದಲು ಎತ್ತಲಿಲ್ಲ, ಸಂಜೆ ಅವರೇ ಮಾಡಿದರು. ಹಲಗೆ ಯಾವುದು ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ವಾರ್ಡ್‌ರೋಬಿನದ್ದೂ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇದನ್ನ ಅವತ್ತೇ ಎತ್ತಿ ನೋಡಿದ್ದರೆ ಆಗ್ತಿರಲಿಲ್ವೇನಪ್ಪಾ" ಎಂದರು. ಭಾನುವಾರ ಬಾ, ಮಗನೂ ಬಂದಿರುತ್ತಾನೆ ಅಂದಿದ್ದಾರೆ.

ಸೋಮವಾರ ವಕೀಲರ ಹತ್ತಿರ ಟೈಮ್ ತೆಗೆದುಕೊಂಡಿದ್ದೇನೆ. ಭಾನುವಾರ ಏನೇ ಆಗಲಿ, 78,800 ಜೋಡಿಸಿ ಇಟ್ಟಿರುತ್ತೇನೆ. ಕಟಿಂಗ್ ಮೆಷಿನ್ ಮೇಲೆ ಸೊಸೈಟಿಯಲ್ಲಿ ಸಾಲ ಕೇಳಿದ್ದೇನೆ. ಆ ಇಡ್ಲಿ ಪಾತ್ರೆ ಮಾತ್ರ ಇನ್ನು ಅಡುಗೆಮನೆಗೆ ಬರಲ್ಲವಂತೆ, ಹೊಸದು ತಂದುಕೊಡಬೇಕು.